ಡೈನಮೋ ಬಿಚ್ಚೋ ಮೊದಲು ಮೀಟರ್ ಇಡಿ

ಗಾಡಿ ಪ್ರಶ್ನೋತ್ತರ

ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ದೂರು: ಬ್ಯಾಟರಿ ಇಳಿಯುತ್ತಿದೆ, ಗ್ಯಾರೇಜಿನವರು ಡೈನಮೋ ಬದಲಿಸಿ ಎನ್ನುತ್ತಿದ್ದಾರೆ. ಹಾಗಾಗಿ ಅಂಕಣವನ್ನು ಹಳೇ ಗಾಡಿಗಳ ಚಾರ್ಜಿಂಗಿಗೇ ಬಿಟ್ಟಿದ್ದೇವೆ. ಬೇಕಾದ ಸಾಮಾನು ಒಂದೇ, ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್. ನಮ್ಮ ಕಡೆ ಆಲ್ಟರ್ನೇಟರಿಗೂ ಡೈನಮೋ ಅಂತಲೇ ಕರೆಯುವುದು ರೂಢಿ. ಎರಡೂ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರಗಳೇ, ಆದರೆ ಆಲ್ಟರ್ನೇಟರ್ ಎಸಿ ಹುಟ್ಟಿಸಿ ಡಯೋಡಿನಿಂದ ಡಿಸಿ ಮಾಡುತ್ತದೆ, ಹಳೇ ಡೈನಮೋ ನೇರ ಡಿಸಿಯನ್ನೇ ಕೊಡುತ್ತದೆ. ಕೆಳಗೆ ಡೈನಮೋ ಎಂದಿರುವ ಕಡೆ ನಿಜವಾದ ಡೈನಮೋ ಎಂದೇ ಓದಿಕೊಳ್ಳಿ.

ಪ್ರಶ್ನೆ: ನನ್ನದು 2004ರ ಮಾರುತಿ 800. ದಿನಾ ಓಡಿಸಿದರೆ ಏನೂ ತೊಂದರೆ ಇಲ್ಲ. ನಾಲ್ಕೈದು ದಿನ ಶೆಡ್ಡಿನಲ್ಲಿ ನಿಂತರೆ ಸೆಲ್ಫ್ ಟಕ್ ಟಕ್ ಅಂದು ಸುಮ್ಮನಾಗುತ್ತದೆ. ಬ್ಯಾಟರಿ ಎರಡು ಸಲ ಬದಲಿಸಿದ್ದಾಯಿತು. ಈಗ ಆಲ್ಟರ್ನೇಟರ್ ಹೊಸದು ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಲೇ?
(ಓದುಗರು, ಸರಸ್ವತಿಪುರಂ, ಮೈಸೂರು)

ಉತ್ತರ: ಇನ್ನೂ ಬೇಡ. ಸುಳಿವು ನಿಮ್ಮ ಪತ್ರದಲ್ಲೇ ಇದೆ. ಚಾರ್ಜ್ ಆಗದ ಗಾಡಿ ಓಡುತ್ತಾ ಓಡುತ್ತಾ ಕೈ ಕೊಡುತ್ತದೆ: ಮೊದಲು ಹೆಡ್‌ಲೈಟ್ ಮಂಕು, ಆಮೇಲೆ ಹಾರನ್ ಕೀರಲು, ಕೊನೆಗೆ ಎಂಜಿನ್ ಆಫ್. ನಿಮ್ಮದು ನಿಂತಲ್ಲೇ ಇಳಿಯುತ್ತಿದೆ. ಅಂದರೆ ಕರೆಂಟ್ ಎಲ್ಲೋ ಸೋರುತ್ತಿದೆ, ಇಲ್ಲವೇ ಬ್ಯಾಟರಿ ಹಿಡಿದಿಟ್ಟುಕೊಳ್ಳುತ್ತಿಲ್ಲ. ಹಾಗಂತ ಆಲ್ಟರ್ನೇಟರನ್ನು ಪೂರ್ತಿ ಬಿಡುವಂತೆಯೂ ಇಲ್ಲ, ಯಾಕೆಂದರೆ ಅದರ ಡಯೋಡ್ ಕೆಟ್ಟರೂ ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ. ಅದಕ್ಕೇ ಅಳತೆಯನ್ನು ಕ್ರಮವಾಗಿ ಮಾಡಬೇಕು.

ಮೊದಲು ಬ್ಯಾಟರಿ. ರಾತ್ರಿಯೆಲ್ಲ ಗಾಡಿ ನಿಂತಿರಲಿ. ಬೆಳಿಗ್ಗೆ ಎರಡು ನಿಮಿಷ ಹೆಡ್‌ಲೈಟ್ ಹಾಕಿ ಆರಿಸಿ, ಐದು ನಿಮಿಷ ಬಿಟ್ಟು ಅಳೆಯಿರಿ. ಹೀಗೆ ಮಾಡದಿದ್ದರೆ ಪ್ಲೇಟಿನ ಮೇಲ್ಮೈಯಲ್ಲಿ ಉಳಿದ ಚಾರ್ಜ್ ಸುಳ್ಳು ಲೆಕ್ಕ ಕೊಡುತ್ತದೆ. ಮೀಟರಿನ ಕಡ್ಡಿಯನ್ನು ಕ್ಲಾಂಪಿಗೆ ಇಡಬೇಡಿ, ಸೀಸದ ಪೋಸ್ಟಿಗೇ ಇಡಿ. 12.6 ವೋಲ್ಟ್ ಬಂದರೆ ಪೂರ್ತಿ ಚಾರ್ಜ್, 12.4 ಮುಕ್ಕಾಲು, 12.2 ಅರ್ಧ, 12ಕ್ಕಿಂತ ಕೆಳಗೆ ಬಹುತೇಕ ಖಾಲಿ. ಕಡಿಮೆ ಇದ್ದರೆ ಹೊರಗಡೆ ನಿಧಾನ ಚಾರ್ಜ್ ಮಾಡಿಸಿ. 35 ಆಂಪಿಯರ್-ಅವರ್ ಬ್ಯಾಟರಿಗೆ ಮೂರೂವರೆ ಆಂಪಿಯರ್, ಹತ್ತು ಹನ್ನೆರಡು ಗಂಟೆ. ಬ್ಯಾಟರಿ ಅಂಗಡಿಯಲ್ಲಿ ಒಂದೇ ಗಂಟೆಯಲ್ಲಿ ಏರಿಸಿಕೊಡುತ್ತೇವೆ ಅಂದರೆ ಒಪ್ಪಬೇಡಿ, ಪ್ಲೇಟ್ ಬಾಗುತ್ತದೆ. ಚಾರ್ಜಿನ ನಂತರ ಮತ್ತೆ ಒಂದು ರಾತ್ರಿ, ಈ ಸಲ ನೆಗೆಟಿವ್ ಕ್ಲಾಂಪ್ ಬಿಚ್ಚಿಟ್ಟು ನಿಲ್ಲಿಸಿ. ಗಾಡಿಗೆ ಸಂಪರ್ಕವೇ ಇಲ್ಲದೆಯೂ 12.6 ಇದ್ದದ್ದು ಬೆಳಿಗ್ಗೆ 12.2ಕ್ಕೆ ಬಂದಿದ್ದರೆ ಬ್ಯಾಟರಿಯದೇ ದೋಷ, ವಾರಂಟಿಯಲ್ಲಿ ಕೇಳಿ. ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರೂ ಸೆಲ್ಲಿನ ಗ್ರಾವಿಟಿ (ಆಸಿಡ್ ಎಷ್ಟು ಗಟ್ಟಿ ಇದೆ ಎಂಬ ಅಳತೆ) ನೋಡಿ. ಎಲ್ಲವೂ ಒಟ್ಟಿಗೆ ಕಡಿಮೆ ಇದ್ದರೆ ಚಾರ್ಜ್ ಸಾಲದು ಅಷ್ಟೆ. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 50 ಪಾಯಿಂಟ್ ಕೆಳಗಿದ್ದರೆ, ಉದಾಹರಣೆಗೆ ಐದು 1240 ಇದ್ದು ಒಂದು 1180 ಇದ್ದರೆ, ಆ ಸೆಲ್ ಮುಗಿದಿದೆ.

ಸೆಲ್ಫ್ ಹೊಡೆಯುವಾಗಲೂ ಒಮ್ಮೆ ಅಳೆಯಿರಿ. ಬ್ಯಾಟರಿ ಮೇಲೆ 9.6 ವೋಲ್ಟಿಗಿಂತ ಕೆಳಗೆ ಬೀಳಬಾರದು. 11ರ ಮೇಲೆ ನಿಂತಿದ್ದೂ ಸೆಲ್ಫ್ ತಿರುಗದಿದ್ದರೆ ಬ್ಯಾಟರಿ ತಪ್ಪಿಲ್ಲ, ಕೇಬಲ್, ಅರ್ತ್ ಅಥವಾ ಸೆಲ್ಫ್ ಮೋಟರ್ ಕಡೆ ನೋಡಬೇಕು.

ಎರಡನೆಯದು ಚಾರ್ಜಿಂಗ್. ಎಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು 1500ರಿಂದ 2000 ಆರ್‌ಪಿಎಂನಲ್ಲಿ ಹಿಡಿದುಕೊಳ್ಳಲು ಯಾರಿಗಾದರೂ ಹೇಳಿ. ಎಲ್ಲ ಸ್ವಿಚ್ ಆಫ್ ಇರುವಾಗ ಬ್ಯಾಟರಿ ಮೇಲೆ 13.8ರಿಂದ 14.5 ಇರಬೇಕು. ಆಮೇಲೆ ಹೆಡ್‌ಲೈಟ್ ಹೈ ಬೀಮ್, ಬ್ಲೋವರ್ ಪೂರ್ತಿ, ವೈಪರ್ ಮೂರನ್ನೂ ಹಾಕಿ. 13.3ಕ್ಕಿಂತ ಇಳಿಯಬಾರದು. 15 ದಾಟಿದರೆ ವೋಲ್ಟನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ನಿಮ್ಮ ಗಾಡಿಯಲ್ಲಿ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಇರುವುದರಿಂದ ಅವತ್ತೇ ಸರಿ ಮಾಡಿಸಬೇಕು.

ಲೋಡ್ ಹಾಕಿದಾಗ ಕುಸಿದರೆ ತಕ್ಷಣ ಆಲ್ಟರ್ನೇಟರ್ ಬಿಚ್ಚಬೇಡಿ. ಇಪ್ಪತ್ತು ವರ್ಷದ ಗಾಡಿಯಲ್ಲಿ ಆಲ್ಟರ್ನೇಟರಿಗಿಂತ ಮೊದಲು ಸಾಯುವುದು ಅದರ ವೈರು. ಲೋಡ್ ಹಾಗೇ ಇರಲಿ, ಮೀಟರಿನ ಒಂದು ಕಡ್ಡಿ ಆಲ್ಟರ್ನೇಟರ್ ಹಿಂದಿನ ದಪ್ಪ ವೈರ್ ಕೂರುವ ಬಿ ಸ್ಟಡ್ಡಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ ಪೋಸ್ಟಿಗೆ. ಎರಡು ಲೈವ್ ಜಾಗದ ನಡುವಿನ ವ್ಯತ್ಯಾಸ ಇದು. 0.2, ಹೆಚ್ಚೆಂದರೆ 0.3 ವೋಲ್ಟ್ ಇರಬಹುದು. ಅದೇ ರೀತಿ ಆಲ್ಟರ್ನೇಟರ್ ಬಾಡಿಗೂ ಬ್ಯಾಟರಿ ಮೈನಸ್ ಪೋಸ್ಟಿಗೂ ನಡುವೆ 0.2ರ ಒಳಗೆ. ಒಂದು ಕಡೆ 0.9 ಅಂತ ಬಂತು ಅನ್ನಿ, ಆಲ್ಟರ್ನೇಟರ್ 14.2 ಕೊಡುತ್ತಿದ್ದರೂ ಬ್ಯಾಟರಿಗೆ ಮುಟ್ಟುವುದು 13.3 ಮಾತ್ರ. ಫ್ಯೂಸಿಬಲ್ ಲಿಂಕ್ (ಮುಖ್ಯ ಫ್ಯೂಸ್) ಕೂರುವ ಜಾಗ, ಹಸಿರುಗಟ್ಟಿದ ಲಗ್, ಎಂಜಿನ್‌ನಿಂದ ಬಾಡಿಗೆ ಬರುವ ಅರ್ತ್ ಪಟ್ಟಿ, ಇಷ್ಟನ್ನು ಬಿಚ್ಚಿ ಮರಳು ಕಾಗದದಿಂದ ಬೆಳ್ಳಗೆ ಉಜ್ಜಿ ಬಿಗಿಯಿರಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ. ಬಿ ಸ್ಟಡ್ಡಿಗೆ ಸ್ಪ್ಯಾನರ್ ಹಾಕುವ ಮೊದಲು ಬ್ಯಾಟರಿ ಮೈನಸ್ ತೆಗೆಯಲೇಬೇಕು, ಆ ಸ್ಟಡ್ಡಿಗೆ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ.

ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದು ಎಲ್ಲರಿಗೂ ಗೊತ್ತು, ಮಧ್ಯದಲ್ಲಿ 8ರಿಂದ 10 ಮಿಲಿಮೀಟರ್ ಬಾಗಿದರೆ ಸರಿ. ಗೊತ್ತಿರದ ಒಂದು ವಿಷಯ: ವಿ ಬೆಲ್ಟ್ ಹಿಡಿತ ಇರುವುದು ಎರಡು ಪಕ್ಕದಲ್ಲಿ. ಪುಲ್ಲಿಯ ತಳ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಬೆಲ್ಟ್ ಸವೆದು ತಳಕ್ಕೆ ಕೂತಿದೆ, ಎಷ್ಟು ಬಿಗಿದರೂ ಜಾರುತ್ತದೆ. ಬಿಗಿದು ಬಿಗಿದು ಕೊನೆಗೆ ಹೋಗುವುದು ಆಲ್ಟರ್ನೇಟರಿನ ಬೇರಿಂಗ್.

ಡಯೋಡ್ ನೋಡಲು ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಎಂಜಿನ್ ಓಡುತ್ತಾ ಹೆಡ್‌ಲೈಟ್ ಉರಿಯುತ್ತಾ ಇರುವಾಗ ಬ್ಯಾಟರಿ ಮೇಲೆ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಡಯೋಡ್ ಪ್ಲೇಟಿನಲ್ಲಿ ತೊಂದರೆ. ಆದರೆ ತೀರಾ ಅಗ್ಗದ ಮೀಟರುಗಳು ಎಸಿಯಲ್ಲಿ ಇಟ್ಟರೂ ಡಿಸಿಯನ್ನೇ ಓದಿ 28, 30 ಅಂತ ತೋರಿಸಿ ಗಾಬರಿ ಹುಟ್ಟಿಸುತ್ತವೆ. ಎಂಜಿನ್ ಆಫ್ ಇರುವಾಗಲೂ ಹಾಗೇ ತೋರಿಸಿದರೆ ಮೀಟರಿನ ಗುಣ ಎಂದು ತಿಳಿಯಿರಿ. ಒಂದು ಕಡ್ಡಿಗೆ ಸರಣಿಯಲ್ಲಿ ಪೋಲಾರಿಟಿ ಇಲ್ಲದ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದರೆ ಸರಿಯಾಗಿ ಓದುತ್ತದೆ.

ಈಗ ನಿಮ್ಮ ಗಾಡಿಗೆ ಮುಖ್ಯವಾದ ಸೋರಿಕೆ ಪರೀಕ್ಷೆ. ಕೀ ತೆಗೆದು, ಬಾಗಿಲು ಮುಚ್ಚಿ, ಬ್ಯಾಟರಿ ಮೈನಸ್ ಕ್ಲಾಂಪ್ ಬಿಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಒಂದು ಕಡ್ಡಿ ಕ್ಲಾಂಪಿಗೆ, ಇನ್ನೊಂದು ಪೋಸ್ಟಿಗೆ. ಮೀಟರ್ ಸೇರಿಸಿರುವಾಗ ಕೀ ಆನ್ ಮಾಡಬೇಡಿ, ಸೆಲ್ಫ್ ಅಂತೂ ಮುಟ್ಟಲೇಬೇಡಿ, ಮೀಟರಿನ ಫ್ಯೂಸ್ ಹಾರಿಹೋಗುತ್ತದೆ. ಕೆಲವು ನಿಮಿಷ ಕಾದ ಮೇಲೆ 50 ಮಿಲಿ ಆಂಪಿಯರ್ ಒಳಗೆ ಬಂದರೆ ಸಾಧಾರಣ. 300 ಮಿಲಿ ಆಂಪಿಯರ್ ಬಂತು ಅನ್ನಿ. ದಿನಕ್ಕೆ 7.2 ಆಂಪಿಯರ್-ಅವರ್ ಹೋಗುತ್ತದೆ, 35ರ ಬ್ಯಾಟರಿ ಐದನೇ ದಿನಕ್ಕೆ ಖಾಲಿ. ನಿಮ್ಮ ದೂರಿಗೆ ಲೆಕ್ಕ ಸರಿಯಾಗಿ ಕೂರುತ್ತದೆ. ಒಂದೊಂದೇ ಫ್ಯೂಸ್ ತೆಗೆದು ಹಾಕುತ್ತಾ ಹೋಗಿ, ಯಾವುದನ್ನು ತೆಗೆದಾಗ ಅಂಕಿ ಕುಸಿಯುತ್ತದೋ ಆ ಲೈನಿನಲ್ಲಿ ಕಳ್ಳ ಇದ್ದಾನೆ. ಸಾಮಾನ್ಯವಾಗಿ ಸಿಗುವುದು ಹೊರಗಡೆ ಹಾಕಿಸಿದ ಸ್ಟೀರಿಯೋ. ಅದರ ಹಳದಿ ವೈರ್ ಸೆಟ್ಟಿನ ನೆನಪು ಉಳಿಸಲು ನೇರ ಬ್ಯಾಟರಿಗೆ, ಕೆಂಪು ವೈರ್ ಕೀ ಲೈನಿಗೆ ಹೋಗಬೇಕು. ಎರಡನ್ನೂ ಸೇರಿಸಿ ನೇರ ಬ್ಯಾಟರಿಗೆ ಕಟ್ಟಿದ್ದರೆ ಸೆಟ್ ಪೂರ್ತಿ ಮಲಗುವುದೇ ಇಲ್ಲ. ಆಮೇಲೆ ಸೆಂಟ್ರಲ್ ಲಾಕ್, ಅಲಾರಂ, ಜಿಪಿಎಸ್ ಟ್ರ್ಯಾಕರ್, ಬಾಗಿಲ ಸ್ವಿಚ್ ಅಂಟಿಕೊಂಡು ಉರಿಯುತ್ತಲೇ ಇರುವ ಒಳ ದೀಪ. ಎಲ್ಲ ಫ್ಯೂಸ್ ತೆಗೆದರೂ ಅಂಕಿ ಇಳಿಯದಿದ್ದರೆ ಮೀಟರ್ ತೆಗೆದಿಟ್ಟು, ಆಲ್ಟರ್ನೇಟರಿನ ಬಿ ವೈರ್ ಬಿಚ್ಚಿ ಟೇಪ್ ಸುತ್ತಿ ಮತ್ತೆ ಅಳೆಯಿರಿ. ಈಗ ಇಳಿದರೆ ಡಯೋಡ್ ಸೋರುತ್ತಿದೆ, ಗ್ಯಾರೇಜಿನವರ ಮಾತು ಅರ್ಧ ನಿಜ.

ಅರ್ಧ ಏಕೆಂದರೆ ಆಗಲೂ ಇಡೀ ಆಲ್ಟರ್ನೇಟರ್ ಬದಲಿಸಬೇಕಿಲ್ಲ. ಡಯೋಡ್ ಪ್ಲೇಟ್, ರೆಗ್ಯುಲೇಟರ್, ಕಾರ್ಬನ್ (ಬ್ರಷ್), ಬೇರಿಂಗ್ ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ. ಬಿಚ್ಚಿಸಿದಾಗ ಪಕ್ಕದಲ್ಲಿ ನಿಂತು ನೋಡಿ: ಕಾರ್ಬನ್ 5 ಮಿಲಿಮೀಟರಿಗಿಂತ ಕಡಿಮೆ ಉಳಿದಿದ್ದರೆ ಬದಲಿಸಲಿ, ಒಳಗೆ ತಿರುಗುವ ರೋಟರಿನ ಎರಡು ತಾಮ್ರದ ಉಂಗುರದ ನಡುವೆ 3ರಿಂದ 5 ಓಮ್ ಇರಲಿ, ಉಂಗುರಕ್ಕೂ ಶಾಫ್ಟಿಗೂ ನಡುವೆ ಯಾವ ಸಂಪರ್ಕವೂ ಇರಬಾರದು.

ಪ್ರಶ್ನೆ: ಕಬ್ಬು ಹೊಡೆಯೋ ಟ್ರ್ಯಾಕ್ಟರ್ ನಮ್ಮದು. ಮುಂದೆ ನಾಲ್ಕು ಎಲ್‌ಇಡಿ ಲೈಟು, ಆಂಪ್ಲಿಫೈಯರ್, ಎರಡು ಸ್ಪೀಕರ್ ಬಾಕ್ಸ್, ಟ್ರೈಲರಿಗೆ ದೀಪ ಇದೆ. ಫ್ಯಾಕ್ಟರಿ ಕ್ಯೂನಲ್ಲಿ ರಾತ್ರಿ ನಿಂತರೆ ಬೆಳಿಗ್ಗೆ ಸೆಲ್ಫ್ ಎತ್ತಲ್ಲ, ಹಿಂದಿನ ಟ್ರ್ಯಾಕ್ಟರಿನವರ ಕೈಲಿ ತಳ್ಳಿಸಬೇಕು. ಬೋರ್ಡಿನ ಕೆಂಪು ದೀಪ ಉರಿಯಲ್ಲ, ಹಂಗಾಗಿ ಚಾರ್ಜ್ ಆಗ್ತಿದೆ ಅಂತ ಇದ್ದೀನಿ.
(ಓದುಗರು, ಪಾಂಡವಪುರ ತಾಲ್ಲೂಕು)

ಉತ್ತರ: ಕೆಂಪು ದೀಪ ಎರಡು ಸಲ ನೋಡಬೇಕು. ಎಂಜಿನ್ ಓಡುವಾಗ ಆರಿರಬೇಕು, ಸರಿ. ಆದರೆ ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಉರಿಯಲೇಬೇಕು. ನಿಮ್ಮದು ಆಗಲೂ ಉರಿಯದಿದ್ದರೆ ಚಾರ್ಜೇ ಆಗುತ್ತಿಲ್ಲ ಅನ್ನುವ ಸಾಧ್ಯತೆ ಹೆಚ್ಚು. ಹಳೇ ಟ್ರ್ಯಾಕ್ಟರುಗಳ ಆಲ್ಟರ್ನೇಟರಿಗೆ ಮೊದಲ ಕರೆಂಟ್ ಸಿಗುವುದೇ ಈ ಬಲ್ಬಿನ ಮೂಲಕ: ಕೀಯಿಂದ ಬಲ್ಬಿಗೆ, ಬಲ್ಬಿನಿಂದ ಸಣ್ಣ ವೈರಿನಲ್ಲಿ ಆಲ್ಟರ್ನೇಟರಿಗೆ, ಅಲ್ಲಿಂದ ಕಾರ್ಬನ್ ದಾಟಿ ರೋಟರಿಗೆ. ಬಲ್ಬ್ ಸುಟ್ಟರೆ ರೋಟರಿಗೆ ಕಾಂತಶಕ್ತಿ ಬರುವುದಿಲ್ಲ. ಒಮ್ಮೆ ಜೋರಾಗಿ ರೇಸ್ ಮಾಡಿದ ಮೇಲೆ ಚಾರ್ಜ್ ಶುರುವಾಗುತ್ತದೆ ಅಂತಿದ್ದರೆ ಕಾರಣ ಇದೇ, ಕಬ್ಬಿಣದಲ್ಲಿ ಉಳಿದಿರುವ ಅಲ್ಪಸ್ವಲ್ಪ ಕಾಂತತ್ವದಿಂದ ಅದು ತಾನೇ ಎದ್ದುಕೊಳ್ಳುತ್ತಿದೆ.

ಪತ್ತೆ ಸುಲಭ. ಎಂಜಿನ್ ಆಫ್, ಕೀ ಆನ್. ಆಲ್ಟರ್ನೇಟರಿನಿಂದ ಸಣ್ಣ ವೈರ್ ತೆಗೆದು ಅದರ ತುದಿಯನ್ನು ಎಂಜಿನ್ ಬಾಡಿಗೆ ಮುಟ್ಟಿಸಿ. ದಪ್ಪ ವೈರನ್ನು ಅಲ್ಲ, ಅದನ್ನು ಮುಟ್ಟಿಸಿದರೆ ಬೆಂಕಿ ಹಾರುತ್ತದೆ. ದೀಪ ಉರಿದರೆ ಬಲ್ಬು, ಫ್ಯೂಸು, ವೈರು ಚೆನ್ನಾಗಿವೆ, ಆಲ್ಟರ್ನೇಟರ್ ಒಳಗೆ ಕಾರ್ಬನ್ ಸವೆದಿದೆ ಅಥವಾ ರೆಗ್ಯುಲೇಟರ್ ಹೋಗಿದೆ. ಉರಿಯದಿದ್ದರೆ ಬೋರ್ಡಿನ ಕಡೆ ಹುಡುಕಿ. ಬಲ್ಬ್ ಹಾಕುವಾಗ 2ರಿಂದ 3 ವಾಟಿನ ಫಿಲಮೆಂಟ್ ಬಲ್ಬನ್ನೇ ಹಾಕಿ. ಅಲ್ಲಿ ಎಲ್‌ಇಡಿ ಹಾಕಿದರೆ ಸಾಕಷ್ಟು ಕರೆಂಟ್ ಹರಿಯುವುದಿಲ್ಲ, ದೀಪ ಉರಿದರೂ ಆಲ್ಟರ್ನೇಟರ್ ಏಳುವುದಿಲ್ಲ.

ಇದನ್ನು ಸರಿ ಮಾಡಿದರೂ ನಿಮ್ಮ ಕಷ್ಟ ಪೂರ್ತಿ ತೀರುವುದಿಲ್ಲ, ಲೆಕ್ಕ ಕೇಳಿ. ಹೆಡ್‌ಲೈಟ್ ಎರಡು, 55 ವಾಟ್‌ನಂತೆ 110. ಎಲ್‌ಇಡಿ ನಾಲ್ಕು, 40ರಂತೆ 160. ಆಂಪ್ಲಿಫೈಯರ್ ಜೋರಾಗಿ ಬಾರಿಸುವಾಗ 300 ಅನ್ನೋಣ. ಒಟ್ಟು 570 ವಾಟ್, ಅಂದರೆ ಸುಮಾರು 42 ಆಂಪಿಯರ್. ಆಲ್ಟರ್ನೇಟರ್ ಮೇಲಿನ ಪ್ಲೇಟ್ ಓದಿ. 36 ಆಂಪಿಯರ್ ಅಂತಿದ್ದರೆ ಓಡುವಾಗಲೇ ಸಾಲದು. ಆ ಅಂಕಿ ಕೂಡ ಪೂರ್ತಿ ವೇಗದ್ದು, ಸ್ಲೋನಲ್ಲಿ ಅದರ ಅರ್ಧ ಸಿಕ್ಕರೆ ಪುಣ್ಯ. ಎಂಜಿನ್ ಆಫ್ ಮಾಡಿ ಹಾಡು ಮಾತ್ರ ಕೇಳುತ್ತಿದ್ದೆ ಎನ್ನಬಹುದು ನೀವು: ಸರಾಸರಿ 100 ವಾಟ್ ಎಂದರೂ 8 ಆಂಪಿಯರ್, ಆರು ಗಂಟೆಗೆ 48 ಆಂಪಿಯರ್-ಅವರ್. 75ರ ಬ್ಯಾಟರಿಯಲ್ಲಿ ಮೂರರಲ್ಲಿ ಎರಡು ಪಾಲಿನ ಹತ್ತಿರ ಖಾಲಿ. ತಣ್ಣಗಿನ ಡೀಸೆಲ್ ಎಂಜಿನ್ ಎತ್ತಲು ಉಳಿದದ್ದು ಸಾಲುವುದಿಲ್ಲ. ಸೀಸನ್ ಪೂರ್ತಿ ಹೀಗೆ ಆಳಕ್ಕೆ ಇಳಿಸಿದರೆ ಎಂಥ ಬ್ಯಾಟರಿಯೂ ಬಾಳುವುದಿಲ್ಲ.

ಹಾಡು ಬೇಕೇ ಬೇಕು ಅಂದರೆ ಅದಕ್ಕೆ ಬೇರೆ ಬ್ಯಾಟರಿ ಇಡಿ. ಕೀ ಆನ್ ಇದ್ದಾಗ ಮಾತ್ರ ಎರಡನ್ನೂ ಸೇರಿಸುವ 70 ಆಂಪಿಯರ್ ರಿಲೇ, 10 ಸ್ಕ್ವೇರ್ ಎಂಎಂ ವೈರ್, ವೈರಿನ ಎರಡೂ ತುದಿಯಲ್ಲಿ ಬ್ಯಾಟರಿಯಿಂದ ಒಂದು ಗೇಣಿನೊಳಗೆ 60 ಆಂಪಿಯರ್ ಫ್ಯೂಸ್. ರಿಲೇಯ ಕಾಯಿಲಿಗೆ ಸೆಲ್ಫ್ ಹೊಡೆಯುವಾಗ ಕರೆಂಟ್ ಕಡಿಯುವ ಲೈನಿನಿಂದಲೇ ಕೊಡಿ, ಇಲ್ಲದಿದ್ದರೆ ಸೆಲ್ಫ್ ಮೋಟರ್ ಆ ತೆಳು ವೈರಿನಿಂದಲೂ ಎಳೆಯುತ್ತದೆ. ಫ್ಯೂಸ್ ಇಲ್ಲದ ವೈರನ್ನು ಒಣ ತರಗಿನ ಲೋಡ್ ಇರುವ ಗಾಡಿಯಲ್ಲಿ ಎಳೆದಿರುವುದನ್ನು ಕಂಡರೆ ನಮಗೇ ಭಯ. ಟ್ರೈಲರ್ ದೀಪಕ್ಕೆ ಅರ್ತನ್ನು ಹುಕ್ಕಿನ ಪಿನ್ನಿನ ಮೇಲೆ ಬಿಡಬೇಡಿ, ಪ್ರತ್ಯೇಕ ವೈರ್ ಎಳೆಯಿರಿ. ಗದ್ದೆ ಧೂಳು ಕೂತ ಬೆಲ್ಟನ್ನೂ ನೋಡಿ. ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತಿದ್ದರೆ ಜಾರುವ ಬೆಲ್ಟಿನಿಂದ ಎಂಜಿನ್ ಕೂಡ ಬಿಸಿಯಾಗುತ್ತದೆ.

ಪ್ರಶ್ನೆ: ಅಪ್ಪನ ಕಾಲದ 6 ವೋಲ್ಟ್ ಯೆಜ್ಡಿ ಇದೆ. ಹಗಲು ಚೆನ್ನಾಗಿ ಓಡುತ್ತದೆ. ರಾತ್ರಿ ಹೆಡ್‌ಲೈಟ್ ಹಾಕಿ ಹತ್ತು ಕಿಲೋಮೀಟರ್ ಹೋದರೆ ಮಿಸ್ಸಿಂಗ್ ಶುರು, ಲೈಟ್ ಆರಿಸಿದರೆ ಸ್ವಲ್ಪ ಸುಧಾರಿಸುತ್ತದೆ. ಕಟ್ ಔಟ್ (ಡೈನಮೋದ ರೆಗ್ಯುಲೇಟರ್ ಪೆಟ್ಟಿಗೆ) ಬದಲಿಸಿದರೂ ಅದೇ ಕಥೆ. 12 ವೋಲ್ಟಿಗೆ ಬದಲಿಸಿಬಿಡಿ ಎಂದು ಸಲಹೆ ಬರುತ್ತಿದೆ.
(ಓದುಗರು, ಒಂಟಿಕೊಪ್ಪಲು, ಮೈಸೂರು)

ಉತ್ತರ: ಯೆಜ್ಡಿ ತಯಾರಾಗುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ನಿಂತಿತು. ಅಲ್ಲಿಂದ ಬಂದ 6 ವೋಲ್ಟಿನ ಗಾಡಿಗಳಲ್ಲಿ ಡೈನಮೋದ ಶಕ್ತಿ ಸುಮಾರು 45 ವಾಟ್. ಹೆಡ್‌ಲೈಟ್ 35, ಹಿಂದಿನ ದೀಪ 5, ಇಗ್ನಿಷನ್ ಕಾಯಿಲ್ ಬೇರೆ. ಅಂದರೆ ಎಲ್ಲ ಸರಿ ಇದ್ದಾಗಲೂ ರಾತ್ರಿ ಹೊತ್ತು ಉಳಿಯುವುದು ಏನೂ ಇಲ್ಲ. ಪ್ಲಗ್ಗಿಗೆ ಹೋಗುವ ಕಿಡಿಯೂ ಬ್ಯಾಟರಿಯಿಂದಲೇ ಬರುವುದರಿಂದ ಬ್ಯಾಟರಿ ಇಳಿದರೆ ಮಿಸ್ಸಿಂಗ್ ಸಹಜ. ಎಲ್ಲಿ ಸೋರಿದರೂ ತಡೆಯದ ವ್ಯವಸ್ಥೆ ಇದು. ವೈರಿನಲ್ಲಿ ಅರ್ಧ ವೋಲ್ಟ್ ನಷ್ಟವಾದರೆ 12 ವೋಲ್ಟ್ ಗಾಡಿಗೆ ಗೊತ್ತೇ ಆಗದು, ನಿಮ್ಮದರಲ್ಲಿ ನೂರಕ್ಕೆ ಎಂಟು ಪಾಲು ಹೋದ ಹಾಗೆ.

ನಿಂತ ಬ್ಯಾಟರಿ 6.3 ಇರಬೇಕು. ಎಂಜಿನ್ ಮಧ್ಯಮ ವೇಗದಲ್ಲಿ, ಲೈಟ್ ಆಫ್, 7ರಿಂದ 7.5. ಲೈಟ್ ಹಾಕಿದಾಗ 6.5ಕ್ಕಿಂತ ಮೇಲೆ ನಿಂತರೆ ಡೈನಮೋ ಹೆಣಗಾಡುತ್ತಿದ್ದರೂ ಕೆಲಸ ಮಾಡುತ್ತಿದೆ. 6.2ಕ್ಕೆ ಬಂದರೆ ಬಲಗಡೆ ಕವರ್ ಬಿಚ್ಚಿ.

ಅಲ್ಲಿ ಮೊದಲು ಕಣ್ಣಿನ ಕೆಲಸ. ಕಾರ್ಬನ್ ತನ್ನ ಮನೆಯಲ್ಲಿ ಸಲೀಸಾಗಿ ಜಾರಬೇಕು. ಅಂಟಿಕೊಂಡಿದ್ದರೆ ಪೆಟ್ರೋಲಿನಲ್ಲಿ ತೊಳೆದು ಒರೆಸಿ. ಕಮ್ಯುಟೇಟರ್ (ಕಾರ್ಬನ್ ಉಜ್ಜುವ ತಾಮ್ರದ ಉರುಳೆ) ತಿಳಿಕಂದು ಬಣ್ಣದಲ್ಲಿ ಹೊಳೆಯುತ್ತಿದ್ದರೆ ಮುಟ್ಟಬೇಡಿ. ಕಪ್ಪಗಿದ್ದರೆ ತೀರಾ ನುಣುಪಿನ ಮರಳು ಕಾಗದದ ಪಟ್ಟಿಯಿಂದ ಉಜ್ಜಿ. ಎಮರಿ ಬಟ್ಟೆ ಬೇಡ, ಅದರ ಪುಡಿ ಕರೆಂಟ್ ಹರಿಸುತ್ತದೆ. ತಾಮ್ರದ ಪಟ್ಟಿಗಳ ನಡುವಿನ ಮೈಕಾ ತಾಮ್ರಕ್ಕಿಂತ ಅರ್ಧ ಮಿಲಿಮೀಟರ್ ತಗ್ಗಿರಬೇಕು. ಸಮ ಆಗಿದ್ದರೆ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಪಕ್ಕ ಉಜ್ಜಿ ತೆಳು ಮಾಡಿಕೊಂಡು ಒಂದೊಂದೇ ಸಂದು ಕೆರೆಯಿರಿ. ಡೈನಮೋ ಒಳಗೆ ಎಣ್ಣೆ ಕಂಡರೆ ಕ್ರ್ಯಾಂಕಿನ ಬಲಗಡೆ ಆಯಿಲ್ ಸೀಲ್ ಹೋಗಿದೆ, ಸೀಲ್ ಬದಲಿಸದೆ ಏನು ಮಾಡಿದರೂ ತಿಂಗಳಲ್ಲಿ ಮತ್ತೆ ಕೊಳೆಯಾಗುತ್ತದೆ. ಆರ್ಮೇಚರ್ (ಡೈನಮೋದ ತಿರುಗುವ ಭಾಗ) ಮೇಲೆ ಉಜ್ಜಿದ ಗೆರೆ ಇದ್ದರೆ ಕ್ರ್ಯಾಂಕ್ ಬೇರಿಂಗ್ ಸವೆದು ಅದು ಫೀಲ್ಡಿಗೆ (ಸುತ್ತಲೂ ನಿಂತಿರುವ ಕಾಂತದ ಸುರುಳಿಗಳಿಗೆ) ತಾಗುತ್ತಿದೆ. ಅದು ಚಾರ್ಜಿಂಗ್ ರಿಪೇರಿಯಲ್ಲ, ಎಂಜಿನ್ ಕೆಲಸ.

ಎಲ್ಲ ಚೊಕ್ಕವಾದ ಮೇಲೆ ಡೈನಮೋವನ್ನು ಕಟ್ ಔಟಿನಿಂದ ಬಿಡಿಸಿ ಪರೀಕ್ಷೆ ಮಾಡಿ. ಇಲ್ಲಿ ಅನೇಕರು ಎಡವುತ್ತಾರೆ, ಏಕೆಂದರೆ ಡೈನಮೋಗಳಲ್ಲಿ ಫೀಲ್ಡ್ ಕಟ್ಟುವ ರೀತಿ ಎರಡು. ಡೈನಮೋದಿಂದ ಬರುವ ಎರಡೂ ವೈರ್ ಬಿಚ್ಚಿ, ಕಾರ್ಬನ್ ಎತ್ತಿ ಹಿಡಿದು, ಫೀಲ್ಡ್ ತುದಿಯಿಂದ ಓಮ್ ಅಳೆಯಿರಿ. ಬಾಡಿಗೆ ಕೆಲವೇ ಓಮ್ ತೋರಿಸಿದರೆ ಫೀಲ್ಡಿನ ಇನ್ನೊಂದು ತುದಿ ಅರ್ತಿನಲ್ಲಿದೆ, ಪರೀಕ್ಷೆಗೆ ಫೀಲ್ಡನ್ನು ಡೈನಮೋದ ಲೈವ್ ತುದಿಗೆ ಸೇರಿಸಬೇಕು. ಹಳೇ ಅಂಬಾಸಿಡರಿನ ಲೂಕಾಸ್ ಡೈನಮೋ ಈ ಜಾತಿ. ಬಾಡಿಗೆ ಏನೂ ಇಲ್ಲದೆ ಲೈವ್ ಕಾರ್ಬನ್ ಹೋಲ್ಡರಿಗೆ ಓಮ್ ತೋರಿಸಿದರೆ ಫೀಲ್ಡ್ ತುದಿಯನ್ನು ಅರ್ತಿಗೆ ಕೊಡಬೇಕು. ಈಗ ಕಾರ್ಬನ್ ಕೂರಿಸಿ, ಮೀಟರನ್ನು ಲೈವ್ ತುದಿ ಮತ್ತು ಬಾಡಿಗೆ ಇಟ್ಟು ಎಂಜಿನ್ ಸ್ಟಾರ್ಟ್ ಮಾಡಿ, ನಿಧಾನವಾಗಿ ವೇಗ ಏರಿಸಿ. ತಡೆಯಿಲ್ಲದೆ 7, 8 ವೋಲ್ಟಿಗೆ ಏರಿದರೆ ಡೈನಮೋ ಗಟ್ಟಿ, ಅಲ್ಲಿಗೇ ನಿಲ್ಲಿಸಿ. ರೇಸ್ ಮಾಡಿದರೆ ನಿಯಂತ್ರಣವಿಲ್ಲದೆ ಏರಿ ವೈಂಡಿಂಗ್ ಸುಡುತ್ತದೆ. ಸೊನ್ನೆ ಬಂದರೆ ಕಾರ್ಬನ್ ಕಡೆ, ಅರ್ಧ ವೋಲ್ಟಿನ ಹತ್ತಿರವೇ ನಿಂತರೆ ಫೀಲ್ಡ್ ಕಡೆ, 2 ಅಥವಾ 3ಕ್ಕೆ ಬಂದು ಮೇಲೇಳದಿದ್ದರೆ ಆರ್ಮೇಚರ್ ವೈಂಡಿಂಗ್ ಕಡೆ ದೋಷ.

ಡೈನಮೋ ಗಟ್ಟಿ ಇದ್ದೂ ಚಾರ್ಜ್ ಇಲ್ಲವೆಂದರೆ ಕಟ್ ಔಟ್ ಪೆಟ್ಟಿಗೆಯ ಅರ್ತ್ ನೋಡಿ. ಬಣ್ಣ ಬಳಿದ ಫ್ರೇಮಿನ ಮೇಲೆ ಕೂರಿಸಿದ್ದರೆ ಹೊಸ ಕಟ್ ಔಟ್ ಕೂಡ ಹುಚ್ಚುಹುಚ್ಚಾಗಿ ಆಡುತ್ತದೆ. ನೀವು ಬದಲಿಸಿಯೂ ಪ್ರಯೋಜನವಾಗದಿರುವುದಕ್ಕೆ ನಮ್ಮ ಮೊದಲ ಅನುಮಾನ ಇದರ ಮೇಲೆಯೇ. ಸ್ಪ್ರಿಂಗ್ ಬಗ್ಗಿಸಿ ವೋಲ್ಟ್ ಏರಿಸುವ ಹಳೇ ಚಾಳಿಗೆ ಹೋಗಬೇಡಿ, ಡೈನಮೋ ಸುಡುತ್ತದೆ.

12 ವೋಲ್ಟಿನ ಬಗ್ಗೆ: ರಾತ್ರಿ ಹೈವೇಯಲ್ಲಿ ದಿನಾ ಓಡಿಸುವುದಾದರೆ ಬದಲಿಸಿ, ತಪ್ಪಿಲ್ಲ. ಭಾನುವಾರ ಚಾಮುಂಡಿ ಬೆಟ್ಟ ಸುತ್ತಿ ಬರುವ ಗಾಡಿಯಾದರೆ ಮೂಲ ಡೈನಮೋವನ್ನೇ ಉಳಿಸಿಕೊಳ್ಳಿ, ಹಿಂದಿನ ದೀಪಕ್ಕೆ 6 ವೋಲ್ಟಿನ ಎಲ್‌ಇಡಿ ಹಾಕಿ ಲೋಡ್ ಇಳಿಸಿ.

ಪ್ರಶ್ನೆ: ಹಳೇ ಡೀಸೆಲ್ ಸುಮೋ. ಆಲ್ಟರ್ನೇಟರ್ ಕಾರ್ಬನ್ ಪದೇಪದೇ ಹೋಗುತ್ತಿದೆ. ಬಿಚ್ಚಿದಾಗಲೆಲ್ಲ ಒಳಗೆ ಕಪ್ಪು ಮಣ್ಣಿನಂಥ ಜಿಡ್ಡು.
(ಓದುಗರು, ನಂಜನಗೂಡು)

ಉತ್ತರ: ಜಿಡ್ಡು ಎಂಜಿನ್ ಆಯಿಲ್. ಈ ಕಾಲದ ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಬ್ರೇಕಿನ ವ್ಯಾಕ್ಯೂಮ್ ಪಂಪ್ ಇರುತ್ತದೆ, ಅದಕ್ಕೆ ಎಂಜಿನ್ನಿನಿಂದ ಆಯಿಲ್ ಪೈಪ್ ಬರುತ್ತದೆ. ಪಂಪಿಗೂ ಆಲ್ಟರ್ನೇಟರಿಗೂ ನಡುವಿನ ಸೀಲ್ ಸವೆದರೆ ಆಯಿಲ್ ಒಳಗೆ ಬಂದು ಕಾರ್ಬನ್ ಪುಡಿಯ ಜೊತೆ ಕಲಸಿಕೊಳ್ಳುತ್ತದೆ. ಕಾರ್ಬನ್ ಮಾತ್ರ ಬದಲಿಸಿದರೆ ಹಣ ದಂಡ. ಸೀಲ್ ಮತ್ತು ಓ ರಿಂಗ್ ಹೊಸದು, ಶಾಫ್ಟಿನ ಮೇಲೆ ಸೀಲ್ ಕೂರುವ ಜಾಗದಲ್ಲಿ ಉಗುರಿಗೆ ಸಿಗುವಂಥ ಗೀರು ಇದ್ದರೆ ಶಾಫ್ಟ್ ಸಮೇತ ರೋಟರ್ ಬದಲಿಸಬೇಕು. ಆಯಿಲ್ ವಾಪಸ್ ಹೋಗುವ ದಪ್ಪ ಪೈಪ್ ಕಟ್ಟಿಕೊಂಡಿದೆಯಾ ಅಂತ ತಪ್ಪದೆ ನೋಡಿಸಿ. ಅದು ಕಟ್ಟಿದರೆ ಪಂಪಿನಲ್ಲಿ ಆಯಿಲ್ ತುಂಬಿ ಹೊಸ ಸೀಲನ್ನೂ ತಳ್ಳುತ್ತದೆ. ಎಂಜಿನ್ ಉಸಿರು ಹೆಚ್ಚಾಗಿ ಡಿಪ್ ಸ್ಟಿಕ್ಕಿನಿಂದ ಹೊಗೆ ಬರುತ್ತಿದ್ದರೂ ಅದೇ ಗತಿ.

ಮತ್ತೆ ಕೂರಿಸುವಾಗ ಆಯಿಲ್ ಪೈಪಿನ ತಾಮ್ರದ ವಾಷರ್ ಹೊಸದಾಗಿರಲಿ. ಪಂಪಿನ ಬಾಯಿಗೆ ಒಂದಿಷ್ಟು ಆಯಿಲ್ ಬಿಟ್ಟು ಕೈಯಲ್ಲಿ ತಿರುಗಿಸಿ ಕೂರಿಸಿ. ಎಂಜಿನ್ ಸ್ಟಾರ್ಟ್ ಆದ ಮೇಲೆ ಗಾಡಿ ಹೊರಡಿಸುವ ಮೊದಲೇ ಬ್ರೇಕ್ ಒತ್ತಿ ನೋಡಿ. ಪೆಡಲ್ ಕಲ್ಲಿನಂತಿದ್ದರೆ ವ್ಯಾಕ್ಯೂಮ್ ಬಂದಿಲ್ಲ, ಗಾಡಿ ಕದಲಿಸಬೇಡಿ.

ಚುಟುಕು ಪ್ರಶ್ನೆಗಳು

ಕೀ ತೆಗೆದ ಮೇಲೂ ಚಾರ್ಜಿಂಗ್ ದೀಪ ಮಿಣುಕುತ್ತದೆ. (ಮಳವಳ್ಳಿ)
ಆಲ್ಟರ್ನೇಟರಿನ ಪ್ಲಸ್ ಡಯೋಡೊಂದು ಶಾರ್ಟ್ ಆಗಿ ಬ್ಯಾಟರಿ ಕರೆಂಟ್ ಹಿಂದಕ್ಕೆ ಬರುತ್ತಿದೆ. ರಿಪೇರಿ ಆಗುವ ತನಕ ರಾತ್ರಿ ಮೈನಸ್ ಕ್ಲಾಂಪ್ ತೆಗೆದಿಡಿ.

ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ತೆಗೆದು, ಆಫ್ ಆಗದಿದ್ದರೆ ಚಾರ್ಜಿಂಗ್ ಸರಿ ಇದೆ ಎಂದು ನೋಡಬಹುದೇ? (ಮೈಸೂರು)
ಡೈನಮೋ ಕಾಲದ ಪರೀಕ್ಷೆ ಅದು. ಆಲ್ಟರ್ನೇಟರ್ ಗಾಡಿಯಲ್ಲಿ ಬ್ಯಾಟರಿ ತೆಗೆದ ಕ್ಷಣಕ್ಕೆ ವೋಲ್ಟ್ ಹಲವು ಪಟ್ಟು ಜಿಗಿದು ಡಯೋಡ್, ರೆಗ್ಯುಲೇಟರ್, ಸ್ಟೀರಿಯೋ, ಇಸಿಎಂ ಯಾವುದನ್ನು ಬೇಕಾದರೂ ಸುಡಬಹುದು. ಯಾರಾದರೂ ಹಾಗೆ ಮಾಡಲು ಬಂದರೆ ಕೈ ಹಿಡಿದು ನಿಲ್ಲಿಸಿ.

ಆಯುಧಪೂಜೆಗೆ ಓಮ್ನಿಯನ್ನು ನೀರು ಹೊಡೆಸಿ ತೊಳೆಸಿದ ಮಾರನೇ ದಿನದಿಂದ ಬೆಲ್ಟ್ ಕಿರುಚುತ್ತಿದೆ, ದೀಪವೂ ಒಮ್ಮೊಮ್ಮೆ ಹತ್ತುತ್ತದೆ. (ಮದ್ದೂರು)
ಬೆಲ್ಟ್ ಒದ್ದೆಯಾಗಿ ಕಿರುಚುವುದು ಅರ್ಧ ಗಂಟೆಯಲ್ಲಿ ನಿಲ್ಲಬೇಕಿತ್ತು. ಮಾರನೇ ದಿನವೂ ಇದ್ದರೆ ಶಾಂಪೂ ಅಥವಾ ಡೀಸೆಲ್ ಸ್ಪ್ರೇ ಬೆಲ್ಟಿಗೆ ತಾಗಿದೆ. ಬೆಲ್ಟ್ ತೆಗೆದು ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಉಬ್ಬಿದ್ದರೆ ಹೊಸದು ಹಾಕಿ. ಬೆಲ್ಟ್ ತೆಗೆದಾಗ ಆಲ್ಟರ್ನೇಟರ್ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ: ಕರಕರ ಎಂದರೆ ನೀರು ಬೇರಿಂಗಿಗೆ ಹೋಗಿದೆ. ಹಿಂದಿನ ಸಣ್ಣ ಸಾಕೆಟ್ ಬಿಚ್ಚಿ ಒಣಗಿಸಿ ಕೂರಿಸಿದರೆ ದೀಪದ ತೊಂದರೆ ಬಹುಶಃ ಹೋಗುತ್ತದೆ. ಮುಂದಿನ ವರ್ಷ ಆಲ್ಟರ್ನೇಟರಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ತೊಳೆಸಿ, ತೊಳೆದ ಮೇಲೆ ಬಿಚ್ಚುವುದನ್ನು ಮರೆಯಬೇಡಿ.

ಹದಿನೈದು ದಿನಕ್ಕೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗುತ್ತಿದೆ. (ಕೆ.ಆರ್. ಪೇಟೆ)
ಆರೂ ಸೆಲ್ಲಿನಲ್ಲಿ ಸಮನಾಗಿ ಇಳಿಯುತ್ತಿದ್ದರೆ ಓವರ್‌ಚಾರ್ಜ್: ಬ್ಯಾಟರಿ ಮೇಲೆ 14.8 ದಾಟಿದೆಯಾ ನೋಡಿ ರೆಗ್ಯುಲೇಟರ್ ಬದಲಿಸಿ. ಒಂದೇ ಸೆಲ್ಲಿನಲ್ಲಿ ಇಳಿಯುತ್ತಿದ್ದರೆ ಆ ಸೆಲ್ಲಿನ ದೋಷ, ರೆಗ್ಯುಲೇಟರಿಗೆ ದುಡ್ಡು ಹಾಕಬೇಡಿ.

ಸೆಲ್ಫ್ ಹೊಡೆದಾಗ ಕ್ಲಚ್ ಕೇಬಲ್ ಬಿಸಿಯಾಗುತ್ತದೆ. (ಶ್ರೀರಂಗಪಟ್ಟಣ)
ಎಂಜಿನ್ ಅರ್ತ್ ಪಟ್ಟಿ ತುಂಡಾಗಿದೆ ಅಥವಾ ತುಕ್ಕು ಹಿಡಿದಿದೆ, ಸೆಲ್ಫ್ ಮೋಟರಿನ ಕರೆಂಟ್ ಕೇಬಲ್ ಮೂಲಕ ವಾಪಸ್ ಹೋಗುತ್ತಿದೆ. ಸೆಲ್ಫ್ ಹೊಡೆಯುವಾಗ ಎಂಜಿನ್ ಬ್ಲಾಕಿಗೂ ಬ್ಯಾಟರಿ ಮೈನಸ್ಸಿಗೂ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಖಾತ್ರಿ. ಹೊಸ ಪಟ್ಟಿ ಹಾಕಿ, ಹಾಗೆಯೇ ಬಿಟ್ಟರೆ ಕೇಬಲಿನ ಒಳಗಿನ ಪ್ಲಾಸ್ಟಿಕ್ ಕರಗಿ ಕ್ಲಚ್ ಬಿಗಿದುಕೊಳ್ಳುತ್ತದೆ.